‘ಗಂಟೆಗೆ’ ಮತ್ತು ‘ಗಂಟೆಗೇ’: ಇಂಟ್ರೊ ಮತ್ತು ಅಭಿಪ್ರಾಯ ಬರಹ ಕಲಿತ ಒಬ್ಬರ ಪ್ರಕರಣ

ಈ ಪ್ರಕರಣದಲ್ಲಿ ಕಲಿಯಲು ಬಂದವರು ಬರೆಯಲು ಬಾರದವರಲ್ಲ. ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆದವರು. ಕಾಗುಣಿತ ತಪ್ಪುವುದಿಲ್ಲ, ವಾಕ್ಯ ಮುರಿಯುವುದಿಲ್ಲ, ಅಂಕಿ ತಪ್ಪು ಹಾಕುವುದಿಲ್ಲ. ನಿವೃತ್ತಿಯಾದ ಮೇಲೆ ಪತ್ರಿಕೆಗೆ ಬರೆಯಬೇಕು ಅನ್ನಿಸಿತು, ಒಂದು ಸಣ್ಣ ಪತ್ರಿಕೆ ಅವರನ್ನು ಅರೆಕಾಲಿಕ ವರದಿಗಾರರಾಗಿ ತೆಗೆದುಕೊಂಡಿತು. ಮೊದಲ ತಿಂಗಳು ಅವರು ಕಳಿಸಿದ ಒಂದೊಂದು ವರದಿಯನ್ನೂ ಡೆಸ್ಕಿನವರು, ಅಂದರೆ ವರದಿ ತಿದ್ದುವ ಉಪಸಂಪಾದಕರು, ತಿರುಗಿ ಬರೆದರು. ಯಾಕೆ ಅಂತ ಹೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಸಂಜೆ ಏಳರ ಮೇಲೆ ಡೆಸ್ಕಿನಲ್ಲಿ ಕೂತವರಿಗೆ ಪಾಠ ಹೇಳಲು ಸಮಯ ಎಲ್ಲಿರುತ್ತದೆ? ಅವರನ್ನು ದೂರಲು ಆಗುವುದಿಲ್ಲ.

ಹಾಗೆ ಅವರು ನನ್ನ ಹತ್ತಿರ ಬಂದರು. ನಾನು ಕೆಲವು ವರ್ಷ ಉಪಸಂಪಾದಕಿಯಾಗಿ ಕೆಲಸ ಮಾಡಿದವಳು, ಈಗ ಹೊಸಬರಿಗೆ ಪತ್ರಿಕಾ ಬರವಣಿಗೆ ಹೇಳಿಕೊಡುತ್ತೇನೆ. ಅವರು ನನಗಿಂತ ತುಂಬಾ ಹಿರಿಯರು. ನಾನು ‘ಸರ್’ ಅನ್ನುತ್ತಿದ್ದೆ, ಅವರು ‘ಮೇಡಂ’ ಅನ್ನುತ್ತಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಹಾಕಿಲ್ಲ.

ಈ ಒಂದು ಪ್ರಕರಣವನ್ನು ಆರಿಸಿಕೊಳ್ಳಲು ಕಾರಣ ಇದೆ. ಒಂದೇ ಘಟನೆಯ ಮೇಲೆ ಅವರು ಮೊದಲು ಸುದ್ದಿ ಬರೆದರು, ಆಮೇಲೆ ಅಭಿಪ್ರಾಯ ಬರಹ ಬರೆದರು. ಎರಡರಲ್ಲೂ ಎಡವಿದರು. ಎರಡೂ ಕಡೆ ಎಡವಿದ ಕಲ್ಲು ಬೇರೆ ಬೇರೆ ಅಂತ ಮೊದಲು ಅಂದುಕೊಂಡಿದ್ದೆ. ಅಲ್ಲ, ಎರಡೂ ಕಡೆ ಅಡ್ಡ ಬಂದದ್ದು ಅವರಿಗೆ ಚೆನ್ನಾಗಿ ಬರುತ್ತಿದ್ದ ಹಳೆಯ ಬರವಣಿಗೆಯೇ.

ಘಟನೆ ಇಷ್ಟು. ಒಂದು ನಗರಸಭೆಯ ಸಾಮಾನ್ಯ ಸಭೆ. ಕಾರ್ಯಸೂಚಿಯಲ್ಲಿ ಹನ್ನೊಂದು ವಿಷಯ. ಏಳನೆಯದು, ಸಾರ್ವಜನಿಕ ಗ್ರಂಥಾಲಯದ ಸಮಯ ಬದಲಾವಣೆ. ಆ ತನಕ ಗ್ರಂಥಾಲಯ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ತೆರೆದಿರುತ್ತಿತ್ತು. ಸಿಬ್ಬಂದಿ ಸಾಲುತ್ತಿಲ್ಲ, ಎರಡು ಪಾಳಿ ನಡೆಸಲು ಆಗುತ್ತಿಲ್ಲ, ಅದಕ್ಕೆ ಮುಂದಿನ ತಿಂಗಳಿನಿಂದ ಸಂಜೆ 5ಕ್ಕೆ ಮುಚ್ಚೋಣ ಎಂಬ ಪ್ರಸ್ತಾವ ಬಂತು. ಸ್ವಲ್ಪ ವಾದ ನಡೆಯಿತು. 14 ಜನ ಪರ, 9 ಜನ ವಿರೋಧ. ಪಾಸಾಯಿತು. ಸರ್ ಅಲ್ಲೇ ಕೂತು ಎಲ್ಲವನ್ನೂ ಬರೆದುಕೊಂಡಿದ್ದರು. ಅವರ ಟಿಪ್ಪಣಿ ನೋಡಿದೆ, ಅಷ್ಟು ಅಚ್ಚುಕಟ್ಟಾದ ಟಿಪ್ಪಣಿಯನ್ನು ನಾನು ಅನುಭವಿ ವರದಿಗಾರರ ಹತ್ತಿರವೂ ಕಂಡಿಲ್ಲ.

ಆ ಟಿಪ್ಪಣಿಯಿಂದ ಹೊರಟ ಮೊದಲ ಪ್ಯಾರಾ ಹೀಗಿತ್ತು:

“ನಗರಸಭೆಯ ಸಾಮಾನ್ಯ ಸಭೆಯು ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ನಗರಸಭೆ ಸಭಾಂಗಣದಲ್ಲಿ ನಡೆಯಿತು. ಸಭೆಯಲ್ಲಿ ಕುಡಿಯುವ ನೀರು, ಬೀದಿ ದೀಪ, ಗ್ರಂಥಾಲಯದ ಸಮಯ ಬದಲಾವಣೆ ಸೇರಿದಂತೆ ವಿವಿಧ ವಿಷಯಗಳ ಕುರಿತು ಸುದೀರ್ಘವಾಗಿ ಚರ್ಚಿಸಲಾಯಿತು.”

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಸುದ್ದಿಯೂ ಇಲ್ಲ. ನಗರಸಭೆ ಸಭೆ ನಡೆಸುವುದು ಸುದ್ದಿಯಲ್ಲ, ಅದು ಅದರ ಕೆಲಸ. ಚರ್ಚಿಸುವುದೂ ಅದರ ಕೆಲಸ. ಓದುಗ ಈ ಎರಡು ವಾಕ್ಯ ಓದಿ ಪುಟ ಮಗುಚಿದರೆ, ಮುಂದಿನ ತಿಂಗಳು ಆಫೀಸು ಮುಗಿಸಿ ಆರು ಗಂಟೆಗೆ ಗ್ರಂಥಾಲಯಕ್ಕೆ ಹೋಗಿ ಬೀಗ ನೋಡಿ ವಾಪಸ್ ಬರುತ್ತಾನೆ. ಪತ್ರಿಕೆ ಓದಿಯೂ ಅವನಿಗೆ ಗೊತ್ತಾಗಲಿಲ್ಲ.

ನಾನು ಕಾಗದ ಕೆಳಗಿಟ್ಟು ಕೇಳಿದೆ. “ಸರ್, ನೀವು ಆವತ್ತು ಸಭೆ ಮುಗಿಸಿ ಮನೆಗೆ ಹೋದಾಗ ಮನೆಯವರು ಏನಾಯ್ತು ಅಂತ ಕೇಳಿದ್ರಾ?”

“ಕೇಳಿದ್ಲು.”

“ಏನು ಹೇಳಿದ್ರಿ?”

“ಲೈಬ್ರರಿ ಇನ್ಮೇಲೆ ಐದು ಗಂಟೆಗೇ ಮುಚ್ತಾರಂತೆ ಕಣೇ ಅಂದೆ.”

ಇಂಟ್ರೊ, ಅಂದರೆ ಸುದ್ದಿಯ ಮೊದಲ ಪ್ಯಾರಾ, ಅಲ್ಲೇ ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಹೇಳಿದ ಒಂದು ಮಾತಿನಲ್ಲಿ ಹನ್ನೊಂದು ವಿಷಯಗಳಲ್ಲಿ ಹತ್ತನ್ನು ಅವರು ಆಗಲೇ ಕೈಬಿಟ್ಟಿದ್ದರು. ಬಾಯಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಯಾಕಂದರೆ ಪೆನ್ನು ಹಿಡಿದ ತಕ್ಷಣ ಆ ಕೈ ನಡಾವಳಿ ಬರೆಯಲು ಶುರು ಮಾಡುತ್ತಿತ್ತು. ನಡಾವಳಿಯ ನಿಯಮವೇ ಬೇರೆ. ಅಲ್ಲಿ ನಡೆದದ್ದು ನಡೆದ ಕ್ರಮದಲ್ಲಿ ಬರಬೇಕು, ಯಾವುದನ್ನೂ ಬಿಡಬಾರದು, ಯಾವುದು ಮುಖ್ಯ ಅಂತ ಬರೆಯುವವರು ತೀರ್ಮಾನಿಸಬಾರದು. ಇಂಟ್ರೊಗೆ ಬೇಕಾದದ್ದು ಇದರ ಪೂರ್ತಿ ಉಲ್ಟಾ. ಬರೆಯುವವರು ತೀರ್ಮಾನಿಸದೆ ಅದು ಹುಟ್ಟುವುದೇ ಇಲ್ಲ.

ಪದದ ಗೊಂದಲವೂ ಒಂದಿತ್ತು. ಪುಸ್ತಕಗಳಲ್ಲಿ ‘ಲೀಡ್’ ಅಂದರೆ ಸುದ್ದಿಯ ಮೊದಲ ಪ್ಯಾರಾ. ನಮ್ಮ ಡೆಸ್ಕುಗಳಲ್ಲಿ ‘ಲೀಡ್’ ಅಂದರೆ ಪುಟದ ಮೇಲೆ ಹೋಗುವ ದೊಡ್ಡ ಸುದ್ದಿ, ಮೊದಲ ಪ್ಯಾರಾಕ್ಕೆ ‘ಇಂಟ್ರೊ’ ಅನ್ನುತ್ತಾರೆ. ‘ನಿಮ್ಮ ಲೀಡ್ ಸರಿ ಇಲ್ಲ’ ಅಂತ ಯಾರೋ ಹೇಳಿದ್ದನ್ನು, ಈ ಸುದ್ದಿ ಪುಟದ ಮೇಲೆ ಹೋಗುವಷ್ಟು ದೊಡ್ಡದಲ್ಲ ಅಂತ ಅವರು ಅರ್ಥ ಮಾಡಿಕೊಂಡು ಎರಡು ವಾರ ಸುಮ್ನೆ ಬೇಸರದಲ್ಲಿದ್ದರು.

ಅವರು ಒಂದು ಪ್ರಶ್ನೆ ಕೇಳಿದರು. “ಕ್ರಮವಾಗಿ ಹೇಳಿದರೆ ತಪ್ಪೇನು? ಕಥೆ ಹೇಳೋದೇ ಹಾಗಲ್ವಾ?” ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 1865ರ ಏಪ್ರಿಲ್ 14ರ ರಾತ್ರಿಯದು. ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಮೇಲೆ ಗುಂಡು ಹಾರಿತು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ವರದಿಗಾರ ಲಾರೆನ್ಸ್ ಗೋಬ್ರೈಟ್ ಮೊದಲು ತಂತಿಯಲ್ಲಿ ಕಳಿಸಿದ್ದು ಒಂದೇ ವಾಕ್ಯ: ಅಧ್ಯಕ್ಷರಿಗೆ ಇಂದು ರಾತ್ರಿ ರಂಗಮಂದಿರದಲ್ಲಿ ಗುಂಡು ಹೊಡೆಯಲಾಗಿದೆ, ಪ್ರಾಣಕ್ಕೆ ಅಪಾಯವಾಗುವಂಥ ಗಾಯ ಆಗಿರಬಹುದು. ಆಮೇಲೆ ಅದೇ ರಾತ್ರಿ ಅದೇ ಗೋಬ್ರೈಟ್ ವಿವರವಾದ ವರದಿ ಬರೆದರು. ಅದು ಹೇಗೆ ಶುರುವಾಗುತ್ತದೆ ಗೊತ್ತಾ? ಅಧ್ಯಕ್ಷರೂ ಅವರ ಪತ್ನಿಯೂ ನಾಟಕ ನೋಡಲು ರಂಗಮಂದಿರಕ್ಕೆ ಹೋಗಿದ್ದರು ಎಂದು. ಜನರಲ್ ಗ್ರಾಂಟ್ ಕೂಡ ಬರುತ್ತಾರೆ ಅಂತ ಪತ್ರಿಕೆಗಳಲ್ಲಿ ಬಂದಿತ್ತು, ಅವರು ಬರಲಿಲ್ಲ, ಮಂದಿರ ಕಿಕ್ಕಿರಿದಿತ್ತು, ಎಲ್ಲರೂ ಖುಷಿಯಾಗಿದ್ದರು, ಹೀಗೆ ಸಾಗಿ ಆಮೇಲೆ ಗುಂಡಿನ ಸದ್ದು ಬರುತ್ತದೆ.

ಸರ್ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. “ಎರಡನೆಯದು ನಾನು ಬರೆಯೋ ಹಾಗೇ ಇದೆ” ಅಂದರು. ಹೌದು, ಹಾಗೇ ಇದೆ. ತಂತಿ ಯಾವಾಗ ಕಡಿಯುತ್ತದೋ ಗೊತ್ತಿಲ್ಲ, ಅದಕ್ಕೆ ಮುಖ್ಯವಾದದ್ದನ್ನು ಮೊದಲು ಕಳಿಸುವ ರೂಢಿ ಬಂತು ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯ ಇರಬಹುದು. ಆದರೆ ತಂತಿ ಬಂದ ಮೇಲೂ ದಶಕಗಳ ಕಾಲ ಪತ್ರಿಕೆಗಳಲ್ಲಿ ಮೊದಲಿನಿಂದ ಕೊನೆಗೆ ಹೇಳುವ ವರದಿಗಳೇ ಜಾಸ್ತಿ ಇದ್ದವು. ಮುಖ್ಯವಾದದ್ದನ್ನು ಮೊದಲು, ಉಳಿದದ್ದನ್ನು ಆಮೇಲೆ ಹೇಳುವ ಕ್ರಮ, ಅಂದರೆ ‘ತಲೆಕೆಳಗಾದ ಪಿರಮಿಡ್’, ನೆಲೆಯೂರಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. ಅಂದರೆ ವೃತ್ತಿಯವರಿಗೇ ಇದನ್ನು ಕಲಿಯಲು ಅಷ್ಟು ಕಾಲ ಬೇಕಾಯಿತು. ಒಬ್ಬರು ಒಂದು ತಿಂಗಳಲ್ಲಿ ಕಲಿಯಲಿಲ್ಲ ಅಂತ ಬೇಜಾರು ಪಡುವುದು ಬೇಡ ಅಂದೆ.

ಎರಡನೇ ಪ್ರಯತ್ನ ಬಂತು. ಈ ಸಲ ಅವರು ಆರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಆರಕ್ಕೂ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟಿದ್ದರು:

“ಸಿಬ್ಬಂದಿ ಕೊರತೆಯ ಹಿನ್ನೆಲೆಯಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯವನ್ನು ಮುಂದಿನ ತಿಂಗಳ 1ರಿಂದ ಈಗಿರುವ ರಾತ್ರಿ 8ರ ಬದಲು ಸಂಜೆ 5ಕ್ಕೆ ಮುಚ್ಚುವ ಪ್ರಸ್ತಾವಕ್ಕೆ ಮಂಗಳವಾರ ನಡೆದ ನಗರಸಭೆಯ ಸಾಮಾನ್ಯ ಸಭೆಯಲ್ಲಿ 9 ಸದಸ್ಯರ ವಿರೋಧದ ನಡುವೆಯೂ 14 ಸದಸ್ಯರ ಬೆಂಬಲದೊಂದಿಗೆ ಅನುಮೋದನೆ ನೀಡಲಾಯಿತು.”

ಮೂವತ್ತೊಂದು ಪದ. ಇದರಲ್ಲಿ ಸುದ್ದಿ ಇದೆ, ಆದರೆ ಓದುಗ ಅದಕ್ಕೆ ಕೊನೆಯ ಪದದ ತನಕ ಕಾಯಬೇಕು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಕನ್ನಡದಲ್ಲಿ ಇಂಟ್ರೊ ಬರೆಯುವ ಎಲ್ಲರ ಕಷ್ಟ ಇದು. ಇಂಗ್ಲಿಷಿನ ವಾಕ್ಯದಲ್ಲಿ ಯಾರು ಏನು ಮಾಡಿದರು ಎಂಬುದು ಮೊದಲ ಕೆಲವು ಪದಗಳಲ್ಲೇ ಬಂದುಬಿಡುತ್ತದೆ, ಉಳಿದ ವಿವರವನ್ನೆಲ್ಲ ಅದರ ಹಿಂದೆ ನೇತುಹಾಕುತ್ತಾ ಹೋಗಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಎಲ್ಲಿ, ಯಾವಾಗ, ಏಕೆ, ಹೇಗೆ ಎಲ್ಲವೂ ಅದಕ್ಕೆ ಮುಂಚೆ ಸಾಲಾಗಿ ನಿಲ್ಲುತ್ತವೆ. ಮುಚ್ಚುವ ಪ್ರಸ್ತಾವಕ್ಕೆ... ಏನಾಯಿತು? ಒಪ್ಪಿದರಾ, ತಿರಸ್ಕರಿಸಿದರಾ, ಮುಂದೂಡಿದರಾ? ಇಪ್ಪತ್ತೊಂಬತ್ತು ಪದ ದಾಟಿದ ಮೇಲೆ ಗೊತ್ತಾಗುತ್ತದೆ. ಇಂಗ್ಲಿಷ್ ಪಾಠಪುಸ್ತಕದ ‘ಒಂದೇ ವಾಕ್ಯದ ಇಂಟ್ರೊ’ ನಿಯಮವನ್ನು ಹಾಗೆ ಹಾಗೇ ತಂದರೆ ಕನ್ನಡದಲ್ಲಿ ಉಸಿರುಗಟ್ಟುತ್ತದೆ. ನಮ್ಮಲ್ಲಿ ಒಂದು ಸಣ್ಣ ವಾಕ್ಯ, ಅದರ ಹಿಂದೆ ಇನ್ನೊಂದು ಸಣ್ಣ ವಾಕ್ಯ, ಬೇಕಾದರೆ ಮೂರನೆಯದು, ಇದೇ ಸರಿ. ಇದು ನನ್ನ ಗಟ್ಟಿ ನಂಬಿಕೆ. ಇದನ್ನು ಒಪ್ಪದ ಹಿರಿಯ ಪತ್ರಕರ್ತರು ನನಗೆ ಗೊತ್ತು, ಅವರೊಡನೆ ಬೇಕಾದಷ್ಟು ವಾದ ಮಾಡಿದ್ದೇನೆ.

ಇನ್ನೂ ಎರಡು ತೊಡಕು ಆ ವಾಕ್ಯದಲ್ಲಿತ್ತು. ಒಂದು, ‘ಹಿನ್ನೆಲೆಯಲ್ಲಿ’. ಈ ಪದ ಕಂಡರೆ ನಿಲ್ಲಿ. ಸಿಬ್ಬಂದಿ ಕೊರತೆಯ ಕಾರಣಕ್ಕೆ ಮುಚ್ಚುತ್ತಿದ್ದಾರಾ, ಕೊರತೆ ಇರುವಾಗ ಮುಚ್ಚುತ್ತಿದ್ದಾರಾ, ಅಥವಾ ಕೊರತೆ ಅಂತ ಅವರು ಹೇಳುತ್ತಿದ್ದಾರಾ? ಮೂರೂ ಬೇರೆ. ‘ಹಿನ್ನೆಲೆಯಲ್ಲಿ’ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಇನ್ನೊಂದು, ‘ನೀಡಲಾಯಿತು’. ಯಾರು ನೀಡಿದರು? ನಡಾವಳಿಯಲ್ಲಿ ‘ಚರ್ಚಿಸಲಾಯಿತು, ತೀರ್ಮಾನಿಸಲಾಯಿತು, ಅನುಮೋದಿಸಲಾಯಿತು’ ಅಂತ ಬರೆಯುವುದು ರೂಢಿ, ಅಲ್ಲಿ ಇಡೀ ಸಭೆಯೇ ಕರ್ತೃ. ಪತ್ರಿಕೆಯಲ್ಲಿ ‘ಲಾಯಿತು’ ಬಂದರೆ ಮಾಡಿದವರು ಕಣ್ಮರೆಯಾಗುತ್ತಾರೆ. ನಗರಸಭೆ ತೀರ್ಮಾನಿಸಿತು ಅಂದರೆ ಸಾಕು.

ಮೂರನೇ ಪ್ರಯತ್ನದಲ್ಲಿ ಅವರು ಪೂರ್ತಿ ಇನ್ನೊಂದು ಕಡೆಗೆ ವಾಲಿದರು. “ವಿದ್ಯಾರ್ಥಿಗಳ ಓದಿಗೆ ಕೊಳ್ಳಿ ಇಟ್ಟ ನಗರಸಭೆ” ಎಂದು ಶುರುವಾಗಿತ್ತು. ಅದನ್ನು ಉದ್ದಕ್ಕೆ ಹೇಳುವುದಿಲ್ಲ. ಸಣ್ಣ ವಾಕ್ಯ ಬರೆಯಿರಿ, ನೀವೇ ತೀರ್ಮಾನಿಸಿ ಅಂದರೆ ಹೊಸಬರು ತುಂಬಾ ಸಲ ಇಲ್ಲಿಗೆ ಬಂದು ನಿಲ್ಲುತ್ತಾರೆ. ಯಾವುದು ಮುಖ್ಯ ಎಂದು ತೀರ್ಮಾನಿಸುವುದು ಬೇರೆ, ಯಾವುದು ಸರಿ ಎಂದು ತೀರ್ಮಾನಿಸುವುದು ಬೇರೆ. ಮೊದಲನೆಯದು ವರದಿಗಾರರ ಕೆಲಸ. ಎರಡನೆಯದಕ್ಕೆ ಬೇರೆ ಪುಟ ಇದೆ.

ನಾಲ್ಕನೆಯದು:

“ನಗರದ ಸಾರ್ವಜನಿಕ ಗ್ರಂಥಾಲಯ ಮುಂದಿನ ತಿಂಗಳ 1ರಿಂದ ಸಂಜೆ 5 ಗಂಟೆಗೇ ಮುಚ್ಚಲಿದೆ. ಈಗ ಅದು ರಾತ್ರಿ 8ರ ತನಕ ತೆರೆದಿರುತ್ತದೆ. ಸಿಬ್ಬಂದಿ ಸಾಲುತ್ತಿಲ್ಲ ಎಂಬ ಕಾರಣ ನೀಡಿ ನಗರಸಭೆ ಮಂಗಳವಾರ 14–9 ಮತಗಳಿಂದ ಈ ತೀರ್ಮಾನ ಕೈಗೊಂಡಿತು.”

ಓದಿ ನನಗೆ ನಿಜವಾಗಿ ಖುಷಿಯಾಯಿತು. ಮೊದಲ ವಾಕ್ಯದಲ್ಲಿ ಹತ್ತೇ ಪದ, ಕ್ರಿಯಾಪದ ಬೇಗ ಸಿಗುತ್ತದೆ. ಓದುಗನ ಬದುಕಿನಲ್ಲಿ ಏನು ಬದಲಾಗುತ್ತದೆ ಎಂಬುದು ಮುಂದೆ ಬಂದಿದೆ, ಯಾವ ಸಭೆ ಎಂಬುದು ಹಿಂದೆ ಹೋಗಿದೆ. ‘ಕಾರಣ ನೀಡಿ’ ಅಂದದ್ದರಿಂದ ಆ ಕಾರಣ ನಗರಸಭೆಯದು, ಪತ್ರಿಕೆಯದಲ್ಲ. ಪುಟದಲ್ಲಿ ಜಾಗ ಸಾಲದೆ ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾ ಬಂದು ಈ ಮೂರು ವಾಕ್ಯ ಮಾತ್ರ ಉಳಿಸಿದರೂ ಸುದ್ದಿ ಪೂರ್ತಿ ಇರುತ್ತದೆ.

ಒಂದೇ ಒಂದು ಕಡೆ ನಾನು ಪೆನ್ಸಿಲ್ ಇಟ್ಟೆ. ‘ಗಂಟೆಗೇ’.

“ಇದು ‘ಗಂಟೆಗೆ’ ಆಗಬೇಕು ಸರ್.”

“ಯಾಕೆ? ಮಾತಲ್ಲಿ ಹಾಗೇ ಅನ್ನೋದು. ನೀವೇ ಮಾತಿನ ಹಾಗೆ ಬರೀರಿ ಅಂದ್ರಿ.”

“ಆ ದೀರ್ಘದಲ್ಲಿ ನಿಮ್ಮ ಬೇಸರ ಇದೆ. ಐದು ಗಂಟೆಗೆ ಅಂದರೆ ಹೊತ್ತು. ಐದು ಗಂಟೆಗೇ ಅಂದರೆ, ಛೆ, ಇಷ್ಟು ಬೇಗನಾ ಅಂತ.”

ಅವರು ಒಪ್ಪಲಿಲ್ಲ. ಒಂದು ಏ ಸ್ವರಕ್ಕೆ ಇಷ್ಟು ಯೋಚನೆ ಬೇಕಾ ಅಂದರು. ಬೇಕು ಅಂತಲೇ ನನ್ನ ವಾದ. ಕನ್ನಡದಲ್ಲಿ ಅಭಿಪ್ರಾಯ ನುಸುಳಲು ದೊಡ್ಡ ವಿಶೇಷಣವೇ ಬೇಕಾಗಿಲ್ಲ. ಬಾಲಕ್ಕೆ ಒಂದು ಏ, ಒಂದು ಊ ಹಚ್ಚಿದರೆ ಸಾಕು. ‘14 ಸದಸ್ಯರು ಬೆಂಬಲಿಸಿದರು’ ಅಂದರೆ ವರದಿ. ‘14 ಸದಸ್ಯರೂ ಬೆಂಬಲಿಸಿದರು’ ಅಂದರೆ ಒಬ್ಬರೂ ಬಿಡದೆ ಎಂಬ ಒತ್ತು ಸೇರಿತು. ‘ಅಧ್ಯಕ್ಷರು ಹೇಳಿದರು’ ಅಂದರೆ ಹೇಳಿದರು, ಅಷ್ಟೇ. ‘ಸ್ಪಷ್ಟಪಡಿಸಿದರು’ ಅಂದರೆ ಅವರು ಹೇಳಿದ್ದು ನಿಜ ಅಂತ ಪತ್ರಿಕೆಯೇ ಸಹಿ ಹಾಕಿದಂತೆ. ‘ಒಪ್ಪಿಕೊಂಡರು’ ಅಂದರೆ ಅವರ ತಪ್ಪಿತ್ತು ಅಂತ. ಕೊನೆಗೆ ಅವರು ದೀರ್ಘ ತೆಗೆದರು. ಮನಸ್ಸಿಲ್ಲದ ಮನಸ್ಸಿನಿಂದ ತೆಗೆದರು ಅಂತ ನನಗೆ ಗೊತ್ತಾಯಿತು. ಸುದ್ದಿ ಹಾಗೇ ಅಚ್ಚಾಯಿತು. ಡೆಸ್ಕಿನವರು ತಿರುಗಿ ಬರೆಯದ ಅವರ ಮೊದಲ ಇಂಟ್ರೊ ಅದು.

ಮನಸ್ಸು ಯಾಕಿರಲಿಲ್ಲ ಅಂತ ಮುಂದಿನ ವಾರ ತಿಳಿಯಿತು. ಅವರು ದಿನಾ ಸಂಜೆ ಆರರಿಂದ ಎಂಟರ ತನಕ ಅದೇ ಗ್ರಂಥಾಲಯದಲ್ಲಿ ಕೂತು ಓದುವವರು. ಎಷ್ಟೋ ವರ್ಷದಿಂದ.

ಇದನ್ನು ಅವರು ವರದಿ ಬರೆಯುವ ಮೊದಲೇ ತಮ್ಮ ಸಂಪಾದಕರಿಗೆ ಹೇಳಬೇಕಿತ್ತು. ವರದಿಯಲ್ಲಿ ತಪ್ಪಿರಲಿಲ್ಲ, ಆದರೂ ಹೇಳಬೇಕಿತ್ತು. ನಾನು ಹಾಗೆ ಹೇಳಿದಾಗ ಅವರು ಅವತ್ತೇ ಫೋನ್ ಮಾಡಿ ಹೇಳಿದರು. ಈ ವಿಷಯದಲ್ಲಿ ಅಭಿಪ್ರಾಯ ಬರಹ ಬರೆಯುವ ಆಸೆ ಇದೆ ಎಂದೂ ಹೇಳಿದರು. ಸಂಪಾದಕರು ಒಳ್ಳೆಯವರು. ಬರೆಯಿರಿ, ಆದರೆ ಗ್ರಂಥಾಲಯದ ಮುಂದಿನ ಸುದ್ದಿಗಳನ್ನು ಬೇರೆಯವರು ಮಾಡುತ್ತಾರೆ, ನೀವು ಬಳಕೆದಾರರು ಅಂತ ಬರಹದಲ್ಲೇ ಇರಲಿ ಅಂದರು. 600 ಪದಗಳ ಮಿತಿ ಕೊಟ್ಟರು. ಸರಿಯಾದ ನಿರ್ಧಾರ ಅದು.

ಹತ್ತು ದಿನ ಬಿಟ್ಟು ಕರಡು ಬಂತು. 1,400 ಪದ. ಶುರು ಹೀಗೆ:

“ಗ್ರಂಥಾಲಯಗಳು ಜ್ಞಾನದ ಭಂಡಾರಗಳು. ಪುಸ್ತಕಗಳು ಮಾನವನ ಅತ್ಯುತ್ತಮ ಗೆಳೆಯರು. ಪುರಾತನ ಕಾಲದಿಂದಲೂ ಗ್ರಂಥಾಲಯಗಳು ಸಮಾಜದಲ್ಲಿ ಮಹತ್ತರ ಪಾತ್ರ ವಹಿಸುತ್ತಾ ಬಂದಿವೆ.”

ಕೊನೆ ಹೀಗೆ:

“ಇನ್ನಾದರೂ ಸಂಬಂಧಪಟ್ಟವರು ಎಚ್ಚೆತ್ತುಕೊಂಡು ಸೂಕ್ತ ಕ್ರಮ ಕೈಗೊಳ್ಳಲಿ ಎಂಬುದೇ ನಮ್ಮೆಲ್ಲರ ಆಶಯ.”

ಇದು ಶಾಲೆಯ ಪ್ರಬಂಧ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಕನ್ನಡ ಶಾಲೆಯಲ್ಲಿ ಓದಿದ ನಮಗೆಲ್ಲ ಇದು ರಕ್ತದಲ್ಲಿ ಇಳಿದಿದೆ. ಸುದ್ದಿ ಬರೆಯುವಾಗ ನಡಾವಳಿ ಬರೆಯುವ ಕೈ ಮುಂದೆ ಬಂತು, ಅಭಿಪ್ರಾಯ ಬರೆಯುವಾಗ ಹತ್ತನೇ ತರಗತಿಯ ಕೈ ಮುಂದೆ ಬಂತು. ಪ್ರಬಂಧಕ್ಕೆ ಅಂಕ ಕೊಡುವ ಮೇಷ್ಟ್ರು ಕೊನೆಯ ತನಕ ಓದಲೇಬೇಕು. ಪತ್ರಿಕೆಯ ಓದುಗನಿಗೆ ಆ ಕಟ್ಟುಪಾಡಿಲ್ಲ.

ನಾನು ಅವರಿಗೆ ಮೂರು ಪ್ರಶ್ನೆ ಕೇಳಿದೆ, ಈ ಕ್ರಮದಲ್ಲಿ. ಗ್ರಂಥಾಲಯ ಜ್ಞಾನದ ಭಂಡಾರ ಅಲ್ಲ ಅಂತ ವಾದ ಮಾಡುವವರು ಯಾರಾದರೂ ಇದ್ದಾರಾ? ಪರವಾಗಿ ಮತ ಹಾಕಿದ 14 ಜನರೂ ಅದನ್ನು ಒಪ್ಪುತ್ತಾರೆ. ಎಲ್ಲರೂ ಒಪ್ಪುವ ಮಾತು ಅಭಿಪ್ರಾಯ ಅಲ್ಲ. ಎರಡನೆಯದು, ‘ಸಂಬಂಧಪಟ್ಟವರು’ ಅಂದರೆ ಯಾರು, ಅವರು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ‘ಸೂಕ್ತ ಕ್ರಮ’ ಅಂದರೆ ಯಾವ ಕ್ರಮ? ಮೂರನೆಯದು, ಸಿಬ್ಬಂದಿ ಇಲ್ಲ ಅಂತ ಅವರು ಹೇಳಿದ್ದಕ್ಕೆ ನಿಮ್ಮ ಉತ್ತರ ಏನು? 1,400 ಪದಗಳಲ್ಲಿ ಅದರ ಮಾತೇ ಇಲ್ಲ.

ಮೂರನೆಯದಕ್ಕೆ ಅವರು ಸಿಟ್ಟಾದರು. “ಸಿಬ್ಬಂದಿ ನೇಮಿಸಲಿ!” ಎಂದರು. ಅದು ನ್ಯಾಯವಾದ ಬೇಡಿಕೆಯೇ. ಆದರೆ ನೇಮಕ ಆಗುವ ತನಕ? ಆ ತನಕ ಬಾಗಿಲು ಐದಕ್ಕೆ ಮುಚ್ಚುತ್ತಲೇ ಇರುತ್ತದೆ. ಎದುರಿನವರ ಅತ್ಯಂತ ಗಟ್ಟಿಯಾದ ಮಾತಿಗೆ ಉತ್ತರ ಕೊಡದ ಅಭಿಪ್ರಾಯ ಬರಹ ನಮ್ಮ ಕಡೆಯವರಿಗೆ ಮಾತ್ರ ಹಿಡಿಸುತ್ತದೆ. ಅವರು ಮೊದಲೇ ನಮ್ಮ ಕಡೆ ಇದ್ದಾರೆ. ಬರೆಯಬೇಕಾದದ್ದು ಇನ್ನೂ ಮನಸ್ಸು ಮಾಡದೆ ಇರುವವರಿಗೆ.

ಇನ್ನೊಂದು ಸಮಸ್ಯೆ ದನಿಯದು. ಉದ್ದಕ್ಕೂ ‘ನಾವು’, ‘ನಮ್ಮೆಲ್ಲರ’, ‘ನಾಗರಿಕರ ಒಕ್ಕೊರಲ ಆಗ್ರಹ’. ಅವರು ಸಂಪಾದಕೀಯಗಳನ್ನು ಓದಿ ಅದೇ ದನಿ ತಂದಿದ್ದರು. ಆಗ ನಾನು ಇಂಥ ಅಭಿಪ್ರಾಯ ಬರಹಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಆಪ್-ಎಡ್’ ಎಂಬ ಪದದ ಹಿನ್ನೆಲೆ ಹೇಳಿದೆ. ತುಂಬಾ ಜನ ಅದನ್ನು ‘ಒಪಿನಿಯನ್-ಎಡಿಟೋರಿಯಲ್’ ಅಂದುಕೊಂಡಿದ್ದಾರೆ. ಅಲ್ಲ. ಅದು ‘ಆಪೊಸಿಟ್ ಎಡಿಟೋರಿಯಲ್’, ಸಂಪಾದಕೀಯ ಪುಟದ ಎದುರಿನ ಪುಟ ಅಂತ ಅರ್ಥ. 1920ರ ದಶಕದಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಸಂಪಾದಕ ಹರ್ಬರ್ಟ್ ಬೇಯಾರ್ಡ್ ಸ್ವೋಪ್ ಆ ಎದುರು ಪುಟವನ್ನು ಅಭಿಪ್ರಾಯಗಳಿಗೆ ಕೊಟ್ಟರು, ಆದರೆ ಅಲ್ಲಿ ಬರೆಯುತ್ತಿದ್ದವರು ಪತ್ರಿಕೆಯ ಒಳಗಿನವರೇ. 1970ರ ಸೆಪ್ಟೆಂಬರ್ 21ರಂದು ‘ನ್ಯೂಯಾರ್ಕ್ ಟೈಮ್ಸ್’ ಶುರು ಮಾಡಿದ ಪುಟ ಹೊರಗಿನವರಿಗೆ ಬಾಗಿಲು ತೆರೆಯಿತು. ಈಗ ನಾವು ನೋಡುವ ಮಾದರಿ ಬೆಳೆದದ್ದು ಅಲ್ಲಿಂದ. ಸಂಪಾದಕೀಯದ ಅಡಿಯಲ್ಲಿ ಸಾಮಾನ್ಯವಾಗಿ ಹೆಸರಿರುವುದಿಲ್ಲ, ಅದು ಪತ್ರಿಕೆಯ ಮಾತು, ಅಲ್ಲಿ ‘ನಾವು’ ಸಲ್ಲುತ್ತದೆ. ಎದುರು ಪುಟದ ಬರಹಕ್ಕೆ ಹೆಸರಿದೆ. ಹೆಸರಿದೆ ಅಂದ ಮೇಲೆ ಆ ಮನುಷ್ಯ ಅಲ್ಲಿ ಕಾಣಬೇಕು, ಅಲ್ವಾ?

“ನೀವು ಸಂಜೆ ಆರಕ್ಕೆ ಹೋಗಿ ಎಲ್ಲಿ ಕೂರ್ತೀರಿ ಸರ್?” ಎಂದು ಕೇಳಿದೆ. ಕಿಟಕಿ ಪಕ್ಕದ ಉದ್ದ ಮೇಜಿನಲ್ಲಿ ಅಂದರು. ಜೊತೆಗೆ ಯಾರು? ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಬರುವ ಒಬ್ಬ ಕಾವಲುಗಾರ, ಮಗಳನ್ನು ಕರೆದುಕೊಂಡು ಬರುವ ಒಬ್ಬ ತಾಯಿ. ಇದರಲ್ಲಿ ಒಂದು ಸಾಲೂ ಕರಡಿನಲ್ಲಿರಲಿಲ್ಲ. ಕರಡಿನಲ್ಲಿ ಇದ್ದದ್ದು “ನೂರಾರು ಓದುಗರು ಪ್ರತಿದಿನ ಸಂಜೆ ಕಿಕ್ಕಿರಿದು ಸೇರುತ್ತಾರೆ” ಎಂಬ ವಾಕ್ಯ.

“ನೂರಾರು ಅಂದ್ರೆ ಎಷ್ಟು?”

“ಅದು... ತುಂಬಾ ಜನ ಅಂತ.”

ಇಪ್ಪತ್ತೆರಡು ವರ್ಷ ಒಂದು ಅಂಕಿ ತಪ್ಪದೆ ನಡಾವಳಿ ಬರೆದವರು ಅಭಿಪ್ರಾಯ ಬರೆಯಲು ಕೂತ ತಕ್ಷಣ ಅಂಕಿಯನ್ನು ಕೈಬಿಟ್ಟರು. ಅಭಿಪ್ರಾಯ ಅಂದರೆ ಸಡಿಲ ಬಿಡಬಹುದು ಎಂಬ ಭಾವನೆ ಎಷ್ಟೋ ಜನರಲ್ಲಿದೆ. 1921ರಲ್ಲಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ನೂರು ವರ್ಷ ತುಂಬಿದಾಗ ಅದರ ಸಂಪಾದಕ ಸಿ.ಪಿ. ಸ್ಕಾಟ್ ಬರೆದ ಮಾತು ಈಗಲೂ ಎಲ್ಲ ಕಡೆ ಓಡಾಡುತ್ತದೆ: ಟೀಕೆಗೆ ಸ್ವಾತಂತ್ರ್ಯವಿದೆ, ಆದರೆ ಸಂಗತಿ ಪವಿತ್ರ. ಇದನ್ನು ಸುದ್ದಿ ಪುಟಕ್ಕೆ ಹೇಳಿದ ಮಾತು ಅಂತ ಕೆಲವರು ಓದುತ್ತಾರೆ. ನನಗೆ ಅದು ಅಭಿಪ್ರಾಯ ಪುಟಕ್ಕೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ ಅನ್ನಿಸುತ್ತದೆ. ಯಾಕಂದರೆ ಒಂದು ಅಂಕಿ ಸುಳ್ಳು ಅಂತ ಎದುರಿನವರು ತೋರಿಸಿಬಿಟ್ಟರೆ ಉಳಿದ ವಾದವನ್ನು ಯಾರೂ ಕೇಳುವುದಿಲ್ಲ.

ಹೋಗಿ ಎಣಿಸಿ ಬನ್ನಿ ಎಂದೆ. ಅವರು ಎಣಿಸಿದರು. ನಾಲ್ಕು ಸಂಜೆ, 5ರಿಂದ 8ರ ನಡುವೆ ಬಂದವರು: 38, 41, 29, 44. ಒಟ್ಟು 152. ನೂರಾರು ಅಲ್ಲ, ದಿನಕ್ಕೆ ಸರಾಸರಿ 38. ಅವರ ಮುಖ ಸಣ್ಣದಾಗಿತ್ತು. ವಾದ ಬಿದ್ದುಹೋಯಿತು ಅಂದುಕೊಂಡಿದ್ದರು.

“ಬೆಳಿಗ್ಗೆ ಎಷ್ಟು ಜನ ಬರ್ತಾರೆ?” ಅಂತ ಕೇಳಿದೆ. ಅದು ಅವರಿಗೂ ಹೊಳೆದಿರಲಿಲ್ಲ, ನನಗೂ ಆಗಷ್ಟೇ ಹೊಳೆದದ್ದು. ಮತ್ತೆ ನಾಲ್ಕು ದಿನ ಹೋದರು. 9ರಿಂದ 12ರ ನಡುವೆ: 11, 9, 14, 12. ಒಟ್ಟು 46.

ಈ ಎರಡು ಸಾಲು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಇಬ್ಬರೂ ನೋಡಿದೆವು. ನಗರಸಭೆ ಹೇಳಿದ್ದು ಒಂದೇ ಪಾಳಿ ಸಾಧ್ಯ, ಎಂಟು ಗಂಟೆ ಮಾತ್ರ ತೆರೆಯಬಹುದು ಅಂತ. ಸರಿ, ಎಂಟೇ ಗಂಟೆ. ಆದರೆ ಬೆಳಿಗ್ಗೆ 9ರಿಂದ ಸಂಜೆ 5 ಯಾಕೆ? ಮಧ್ಯಾಹ್ನ 12ರಿಂದ ರಾತ್ರಿ 8 ಯಾಕಲ್ಲ? ಅದೇ ಸಿಬ್ಬಂದಿ, ಅದೇ ಎಂಟು ಗಂಟೆ. ಮೂರು ಪಟ್ಟಿಗಿಂತ ಹೆಚ್ಚು ಜನ ಬರುವ ಹೊತ್ತು ಉಳಿಯುತ್ತದೆ.

ಇದನ್ನು ಹೇಳುವಾಗ ಅವರ ದನಿಯೇ ಬದಲಾಯಿತು. ಮೊದಲ ಸಲ ಅವರ ಹತ್ತಿರ ಒಂದು ಅಭಿಪ್ರಾಯ ಇತ್ತು. ಅದಕ್ಕೆ ಮುಂಚೆ ಇದ್ದದ್ದು ದುಃಖ. ದುಃಖ ಸಣ್ಣದಲ್ಲ, ಅದಿಲ್ಲದೆ ಅವರು ಎಂಟು ದಿನ ಹೋಗಿ ಎಣಿಸುತ್ತಿರಲಿಲ್ಲ. ಆದರೆ ಅಭಿಪ್ರಾಯ ಬರಹ ಅಂದರೆ ಇಂಥವರು ಇಂಥದ್ದನ್ನು ಮಾಡಬೇಕು, ಇಂಥ ಕಾರಣಕ್ಕೆ ಎಂದು ಹೇಳಲು ಬರುವ ಮಾತು. ಇಂಟ್ರೊಗೆ ‘ಏನಾಯಿತು’ ಎಂಬುದನ್ನು ತೀರ್ಮಾನಿಸಬೇಕು, ಇದಕ್ಕೆ ‘ಏನಾಗಬೇಕು’ ಎಂಬುದನ್ನು. ಎರಡನ್ನೂ ಬರೆಯಲು ಕೂರುವ ಮೊದಲೇ ತೀರ್ಮಾನಿಸಿರಬೇಕು. ಬರೆಯುತ್ತಾ ಬರೆಯುತ್ತಾ ಸಿಗುತ್ತದೆ ಅಂದುಕೊಂಡರೆ ಪೀಠಿಕೆ ಉದ್ದವಾಗುತ್ತಾ ಹೋಗುತ್ತದೆ, ಅಷ್ಟೇ.

ಹೊಸ ಕರಡು ಬರೆಯುವ ಮೊದಲು ಒಂದು ತಕರಾರನ್ನು ಅವರೇ ಎತ್ತಿದರು. ಬೆಳಿಗ್ಗೆ ಬರುವ ಹನ್ನೊಂದು ಹನ್ನೆರಡು ಜನರಲ್ಲಿ ಹೆಚ್ಚಿನವರು ವಯಸ್ಸಾದವರು. ಅವರಿಗೆ ರಾತ್ರಿ ಬರುವುದು ಕಷ್ಟ. ಅದನ್ನು ಮುಚ್ಚಿಡಬಾರದು ಅಂದರು. ನಾನು ಹೇಳಿಕೊಡಲಿಲ್ಲ, ಅವರಿಗೇ ಅನ್ನಿಸಿತು. ಅದಕ್ಕೆ ವಾರದಲ್ಲಿ ಎರಡು ದಿನ ಬೆಳಿಗ್ಗೆ ತೆರೆದು ಆ ದಿನ ಮಾತ್ರ ಸಂಜೆ ಬೇಗ ಮುಚ್ಚಬಹುದು ಎಂಬ ಸಾಲು ಸೇರಿಸಿದರು. ತಮ್ಮ ವಾದಕ್ಕೆ ತೊಂದರೆ ಕೊಡುವ ಸಂಗತಿಯನ್ನು ತಾವೇ ಹೇಳಿ ಅದಕ್ಕೂ ದಾರಿ ತೋರಿಸುವ ಲೇಖಕರನ್ನು ಓದುಗರು ನಂಬುತ್ತಾರೆ. ಅದು ನಾನು ತುಂಬಾ ಸಲ ಕಂಡದ್ದು.

ಕೊನೆಯ ಕರಡು 580 ಪದ. ಶುರು:

“ದಿನಾ ಸಂಜೆ ಆರಕ್ಕೆ ನಾನು ಕೂರುವ ಉದ್ದ ಮೇಜಿನಲ್ಲಿ ನನ್ನ ಎದುರು ಒಬ್ಬ ಕಾವಲುಗಾರ ಕೂರುತ್ತಾರೆ. ಅವರ ಕೆಲಸ ಮುಗಿಯುವುದು ಐದೂವರೆಗೆ. ಮುಂದಿನ ತಿಂಗಳಿನಿಂದ ಗ್ರಂಥಾಲಯ ಐದು ಗಂಟೆಗೇ ಮುಚ್ಚುತ್ತದೆ.”

ಬಳಕೆದಾರ ಎಂಬ ಘೋಷಣೆ ಬೇರೆಯಾಗಿ ಬೇಕಾಗಲೇ ಇಲ್ಲ, ಮೊದಲ ವಾಕ್ಯದಲ್ಲೇ ಬಂತು. ಎರಡನೇ ಪ್ಯಾರಾದಲ್ಲಿ ಬೇಡಿಕೆ: ನಗರಸಭೆ ಮುಂದಿನ ಸಭೆಯಲ್ಲಿ ಸಮಯವನ್ನು 12ರಿಂದ 8ಕ್ಕೆ ಬದಲಿಸಬೇಕು. ಸಿಬ್ಬಂದಿ ಕೊರತೆ ನಿಜ ಅಂತ ಮೂರನೆಯದರಲ್ಲಿ ಒಪ್ಪಿದರು. ಆಮೇಲೆ ಅಂಕಿ, ಎಣಿಸಿದ ದಿನಗಳು, ತಾನೇ ಎಣಿಸಿದ್ದು ಎಂಬ ಮಾತು. ಆಮೇಲೆ ಹಿರಿಯರ ವಿಷಯ. ‘ಸಂಬಂಧಪಟ್ಟವರು’ ಎಲ್ಲೂ ಇಲ್ಲ. ‘ನಗರಸಭೆಯ 23 ಸದಸ್ಯರು’ ಇದ್ದಾರೆ. ಕೊನೆಯಲ್ಲಿ ಮಾತ್ರ ಹಳೆಯ ಅಭ್ಯಾಸ ಬಿಡಲಿಲ್ಲ, ಓದಿನ ದೀಪ ಆರದಿರಲಿ ಎಂಬ ಒಂದು ಸಾಲು ಉಳಿದಿತ್ತು. ನಾನು ನೋಡಿಯೂ ಬಿಟ್ಟೆ. ಸಂಪಾದಕರು ಅದನ್ನು ಕತ್ತರಿಸಿದರು. ಕತ್ತರಿಸಿದ್ದು ಸರಿ.

ಬರಹ ಅಚ್ಚಾದ ದಿನ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಸಂತೋಷದ ಫೋನ್ ಅಂದುಕೊಂಡೆ. ದನಿಯಲ್ಲಿ ಸಿಟ್ಟಿತ್ತು.

“ಮೇಡಂ, ನೋಡಿದ್ರಾ? ಡೆಸ್ಕಿನವರು ಮೂರನೇ ವಾಕ್ಯದಲ್ಲಿ ದೀರ್ಘ ತೆಗೆದಿದ್ದಾರೆ. ‘ಐದು ಗಂಟೆಗೆ ಮುಚ್ಚುತ್ತದೆ’ ಅಂತ ಮಾಡಿದ್ದಾರೆ. ಅದು ಸುದ್ದಿಯಲ್ಲಿ ಸರಿ. ಇದು ನನ್ನ ಹೆಸರಲ್ಲಿ ಬಂದಿರೋದು. ಇಲ್ಲಿ ಅದು ಇರಬೇಕಿತ್ತು.”

ನಾನು ಪತ್ರಿಕೆ ತೆಗೆದು ನೋಡಿದೆ. ಅವರು ಹೇಳಿದ್ದು ನಿಜ. ಇಲ್ಲಿ ಅದು ಇರಬೇಕಿತ್ತು.